ಮೋರೇರ ಗುಡ್ಡದ ಕಿಂಡಿ

ಗಂಗಾವತಿಯಿಂದ ಓದುಗರೊಬ್ಬರು ಬರೆದಿದ್ದಾರೆ: 'ಕಾಲ ದಾಟಿ ಹೋಗುವ ಪ್ರೇಮಕಥೆಗಳೆಂದರೆ ನನಗೆ ಪ್ರಾಣ. ಈಗಿನ ಹುಡುಗಿ ಹಳೇ ಕಾಲಕ್ಕೆ ಹೋಗಿ ಬೀಳುತ್ತಾಳೆ, ಅಲ್ಲೊಬ್ಬನನ್ನು ಮೆಚ್ಚುತ್ತಾಳೆ, ನಡುವೆ ದೆವ್ವ, ಶಾಪ, ಮಾಟ ಎಲ್ಲ ಇರುತ್ತೆ. ಇಂಗ್ಲಿಷಿನವನ್ನು ಮೊಬೈಲಿನಲ್ಲಿ ನಿಧಾನಕ್ಕೆ ಓದುತ್ತೇನೆ. ನಮ್ಮಣ್ಣ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಾರೆ. ಇವು ಇತಿಹಾಸ ಕೆಡಿಸೋ ಪುಸ್ತಕಗಳು ಅಂತಾರೆ. ಇದು ಹಗುರ ಓದು ಅಂತ ನನಗೂ ಗೊತ್ತು, ಕ್ಷಮಿಸಿ. ಆದರೂ ಕೇಳುತ್ತೇನೆ, ನಾನು ಸುಮ್ನೆ ಸಮಯ ಹಾಳು ಮಾಡ್ತಿದ್ದೀನಾ?' ಹೆಸರು ಹಾಕಬೇಡಿ ಅಂತಲೂ ಕೇಳಿದ್ದಾರೆ.

ತಂಗೀ, ಮೊದಲು ಆ 'ಕ್ಷಮಿಸಿ' ವಾಪಸ್ ತಗೊಳ್ಳಿ. ಪುಸ್ತಕ ಓದಿದ್ದಕ್ಕೆ ಯಾರೂ ಯಾರ ಹತ್ತಿರವೂ ಕ್ಷಮೆ ಕೇಳಬಾರದು. ನಿಮ್ಮ ಪತ್ರದಲ್ಲಿ ನನಗೆ ಬೇಜಾರಾಗಿದ್ದು ಅದೊಂದೇ ಮಾತು.

ನಿಮ್ಮ ಅಣ್ಣ ಹೇಳೋದು ಪೂರ್ತಿ ತಪ್ಪಲ್ಲ. ಇಂಥ ಕಥೆಗಳಲ್ಲಿ ಎಡವಟ್ಟು ಜಾಸ್ತಿ. ನಮ್ಮ ಪತ್ರಿಕೆಗೇ ಒಮ್ಮೆ ಒಂದು ಕಥೆ ಬಂದಿತ್ತು. ಹೊಸಪೇಟೆಯ ಹುಡುಗಿ ಇಮ್ಮಡಿ ದೇವರಾಯನ ಕಾಲದ ವಿಜಯನಗರಕ್ಕೆ ಹೋಗಿ, ಬಜಾರಿನಲ್ಲಿ ನಿಂತು ಮಿರ್ಚಿ ತಿನ್ನುತ್ತಾಳೆ. ದೇವರಾಯ ಆಳಿದ್ದು 1424ರಿಂದ 1446. ಮೆಣಸಿನಕಾಯಿ ಹುಟ್ಟಿದ್ದು ಅಮೆರಿಕದಲ್ಲಿ. ಕೊಲಂಬಸ್ ಆ ಕಡೆ ಹಡಗು ಬಿಟ್ಟಿದ್ದೇ 1492ರಲ್ಲಿ. ಅದು ನಮ್ಮೂರಿಗೆ ಬಂದಿದ್ದು ಪೋರ್ಚುಗೀಸರ ಕಾಲದಲ್ಲಿ. ಟೊಮೆಟೊ, ಆಲೂಗಡ್ಡೆ, ಶೇಂಗಾ ಕೂಡ ಹಾಗೇ ಸಮುದ್ರ ದಾಟಿ ಬಂದವು. ನಮ್ಮ ಮಾತೇ ಇದಕ್ಕೆ ಸಾಕ್ಷಿ ನೋಡಿ. ಮೆಣಸು ಮೊದಲಿನಿಂದ ನಮ್ಮಲ್ಲಿತ್ತು, ಆಮೇಲೆ ಬಂದ ಖಾರದ ಕಾಯಿಗೆ ಅದರ ಹೆಸರನ್ನೇ ಕೊಟ್ಟು 'ಮೆಣಸಿನಕಾಯಿ' ಅಂದೆವು.

ಆ ಕಥೆ ಬರೆದವರಿಗೆ ಇಷ್ಟನ್ನೂ ಬರೆದು ಕಳಿಸಿದೆ. ತಿಂಗಳ ನಂತರ ಕಥೆ ತಿರುಗಿ ಬಂತು. ಈಗ ಆ ಹುಡುಗಿಗೆ ಎಲ್ಲೂ ಮಿರ್ಚಿ ಸಿಗುವುದಿಲ್ಲ. ನಾಲಿಗೆ ಖಾರ ಕೇಳುತ್ತೆ. ಕೊನೆಗೆ ಒಂದು ಕಾಳು ಕರಿಮೆಣಸು ಬಾಯಿಗೆ ಹಾಕಿಕೊಂಡು ಅಗಿಯುತ್ತಾ ಅಳುತ್ತಾಳೆ. ಅವಳು ಮನೆಯಿಂದ ಸುಮಾರು 600 ವರ್ಷ ದೂರ ಇದ್ದಾಳೆ ಅನ್ನೋದು ನನಗೆ ನಾಟಿದ್ದು ಆ ಸಾಲಿನಲ್ಲಿ. ಯಾವ ಪಠ್ಯಪುಸ್ತಕ ಇದನ್ನು ಮಾಡಿದೆ ಹೇಳಿ? ಸಂಗಮ, ಸಾಳುವ, ತುಳುವ, ಅರವೀಡು ಅಂತ ನಾವೆಲ್ಲ ಬಾಯಿಪಾಠ ಮಾಡಿದವರೇ. ಪರೀಕ್ಷೆ ಮುಗಿದ ಮರುದಿನ ಅದು ಎಲ್ಲಿ ಹೋಯಿತೋ! 1443ರಲ್ಲಿ ಇಲ್ಲಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್, ಈ ಊರಿನವರು ಗುಲಾಬಿ ಇಲ್ಲದೆ ಬದುಕಲಾರರು ಅಂತ ಬರೆದಿಟ್ಟಿದ್ದಾನೆ. ಎಲ್ಲಿ ನೋಡಿದರೂ ಗುಲಾಬಿ ಮಾರಾಟ ಅಂತೆ. ಈ ಒಂದು ಮಾತನ್ನು ಶಾಲೆಯಲ್ಲಿ ಯಾರಾದರೂ ಹೇಳಿದ್ದಿದ್ದರೆ ನಾನು ಆ ಪಾಠವನ್ನು ಇವತ್ತಿಗೂ ಮರೆಯುತ್ತಿರಲಿಲ್ಲ.

ನೀವು ಓದುವ ಬಗೆಯ ಪುಸ್ತಕಗಳಲ್ಲಿ ಹೆಸರಾಂತದ್ದು ಡಯಾನಾ ಗ್ಯಾಬಲ್ಡನ್ ಅವರ 'ಔಟ್‌ಲ್ಯಾಂಡರ್', 1991ರದ್ದು. ಎರಡನೇ ಮಹಾಯುದ್ಧದಲ್ಲಿ ದಾದಿಯಾಗಿದ್ದ ಹೆಣ್ಣುಮಗಳು ಸ್ಕಾಟ್ಲೆಂಡಿನ ನಿಲುಗಲ್ಲುಗಳ ನಡುವೆ ಹಾದು 1743ಕ್ಕೆ ಹೋಗುತ್ತಾಳೆ. ಅಲ್ಲಿ ಮದುವೆ, ಪ್ರೀತಿ ಎಲ್ಲ ಆಗುತ್ತೆ. ಆದರೆ 1746ರ ಏಪ್ರಿಲ್‌ನಲ್ಲಿ ಕಲೋಡನ್ ಮೈದಾನದ ಯುದ್ಧದಲ್ಲಿ ಅವಳ ಗಂಡನ ಕಡೆಯ ಜನ ಸೋಲುತ್ತಾರೆ ಅನ್ನೋದು ಅವಳಿಗೆ ಮೊದಲೇ ಗೊತ್ತು. ಪ್ರೀತಿಸಿದವನ ಮುಖ ನೋಡುವಾಗಲೆಲ್ಲ ಆ ತಾರೀಖು ಅವಳ ಕಣ್ಮುಂದೆ ಬರುತ್ತೆ. ಈಗ ಇದನ್ನೇ ನಮ್ಮ ಕಡೆಗೆ ತಿರುಗಿಸಿ ನೋಡಿ. 1564ರ ದೀಪಾವಳಿ. ಹಂಪಿಯ ಬಜಾರಿನಲ್ಲಿ ಒಬ್ಬ ನೇಕಾರ ಮುಂದಿನ ವರ್ಷದ ಮದುವೆಗೆ ಸೀರೆ ನೇಯುತ್ತಿದ್ದಾನೆ. 1565ರ ಜನವರಿಯಲ್ಲಿ ತಾಳಿಕೋಟೆ ಯುದ್ಧ ಸೋತು ಈ ಊರು ಹಾಳಾಗುತ್ತೆ ಅಂತ ಆ ಊರಲ್ಲಿ ಗೊತ್ತಿರುವುದು ನಿಮ್ಮೊಬ್ಬರಿಗೇ. ಮೈ ಜುಮ್ ಅನ್ನಲ್ವಾ? ಇತಿಹಾಸ ಕೆಡೋದು ಅಂದರೆ ಇದಲ್ಲ, ನಿಮ್ಮಣ್ಣನಿಗೆ ಹೇಳಿ.

ದೆವ್ವ, ಶಾಪ, ಪೂರ್ವಜನ್ಮ ಬಂದರೆ ಅದು ಕೀಳು ಸಾಹಿತ್ಯ ಅನ್ನುವವರಿಗೂ ಒಂದು ಮಾತು. ನಾವು ನಾವೆಲ್‌ಗೆ 'ಕಾದಂಬರಿ' ಅಂತ ಯಾಕೆ ಕರೆಯುತ್ತೇವೆ? 7ನೇ ಶತಮಾನದಲ್ಲಿ ಬಾಣ ಸಂಸ್ಕೃತದಲ್ಲಿ ಬರೆದ ಕಥೆಯ ನಾಯಕಿಯ ಹೆಸರು ಅದು. ಅದನ್ನು ನಾಗವರ್ಮ ಕನ್ನಡಕ್ಕೆ ತಂದ. ಕಾದಂಬರಿ ಏನು ಮಾಡುತ್ತಾಳೆ? ಸತ್ತುಹೋದ ಪ್ರಿಯನ ದೇಹವನ್ನು ಕಾಯುತ್ತಾ ಕೂರುತ್ತಾಳೆ. ದೇಹ ಕೆಡುವುದಿಲ್ಲ. ಅವನು ಇನ್ನೊಂದು ಜನ್ಮದಲ್ಲಿ ರಾಜನಾಗಿದ್ದಾನೆ. ಅವನ ಗೆಳೆಯ ಶಾಪದಿಂದ ಗಿಣಿಯಾಗಿದ್ದಾನೆ. ಕಾಲ ದಾಟಿ ಬರುವ ಪ್ರೇಮದ ಹೆಸರನ್ನೇ ನಾವು ಎಲ್ಲ ನಾವೆಲ್‌ಗಳಿಗೂ ಇಟ್ಟಿದ್ದೇವೆ! ಇನ್ನು ಪಂಪ. 941ರ 'ಆದಿಪುರಾಣ'ದಲ್ಲಿ ಶ್ರೀಮತಿಗೆ ಹಿಂದಿನ ಜನ್ಮದ ಪ್ರಿಯ ನೆನಪಾಗುತ್ತಾನೆ. ಅವಳು ಆ ಜನ್ಮದ ಬದುಕನ್ನು ಚಿತ್ರ ಬರೆದು ದಾದಿಯ ಕೈಗೆ ಕೊಡುತ್ತಾಳೆ. ದಾದಿ ಅದನ್ನು ಬಸದಿಯಲ್ಲಿ ಇಟ್ಟು ಕಾಯುತ್ತಾಳೆ. ಬಂದವರೆಲ್ಲ ನೋಡಿ ಹೋಗುತ್ತಾರೆ, ಒಬ್ಬ ಮಾತ್ರ ಗುರುತು ಹಿಡಿಯುತ್ತಾನೆ. ಇಂಥ ಕಥೆಯನ್ನು ಪಂಪ ಬರೆದರೆ ಮಹಾಕಾವ್ಯ, ನೀವು ಮೊಬೈಲಿನಲ್ಲಿ ಓದಿದರೆ ಹಗುರವೇ?

ಈ ತಾತ್ಸಾರ ಹೊಸದೇನಲ್ಲ. ಹೆಂಗಸರು ಬರೆದಿದ್ದನ್ನು ಹಿಂದೆ 'ಅಡುಗೆಮನೆ ಸಾಹಿತ್ಯ' ಅಂದರು. ಸಿರುಗುಪ್ಪದಲ್ಲಿ ನಮ್ಮ ಚಿಕ್ಕಮ್ಮ ಬಾಡಿಗೆ ಪುಸ್ತಕದ ಅಂಗಡಿಯಿಂದ ಕಾದಂಬರಿ ತರಿಸಿ ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಿದ್ದರು. ಸಿಕ್ಕಿಬಿದ್ದ ದಿನ ಮನೆಯಲ್ಲಿ ದೊಡ್ಡ ರಂಪ. ಅವರು ಓದಿದ್ದು ಏಳನೇ ಕ್ಲಾಸು. ಒಮ್ಮೆ ನಾವೆಲ್ಲ ಹಂಪಿಗೆ ಹೋದಾಗ, ಕಾಲುವೆ ಪಕ್ಕ ಸಾಲಾಗಿ ಕೊರೆದ ಕಲ್ಲಿನ ತಟ್ಟೆಗಳ ಹತ್ತಿರ ಬೇರೆಯವರು ಫೋಟೊ ತೆಗೆದು ಮುಂದೆ ಹೋದರು. ಚಿಕ್ಕಮ್ಮ ಮಾತ್ರ ಒಂದು ತಟ್ಟೆಯ ಮುಂದೆ ಊಟಕ್ಕೆ ಕೂತಂತೆ ಕೂತರು. ಸಣ್ಣ ಗುಳಿಯಲ್ಲಿ ಬೆರಳಿಟ್ಟು, 'ಇಲ್ಲಿ ಪಲ್ಯ ಬಡಿಸ್ತಿದ್ರೇನೋ' ಅಂದರು. ಎಷ್ಟೋ ಹೊತ್ತು ಏಳಲಿಲ್ಲ. ಆ ಕಾಲದ ಯಾರೋ ಒಬ್ಬರ ಪಕ್ಕ ಕೂತಿದ್ದರು ಅವರು. ಅದನ್ನು ಕಲಿಸಿದ್ದು ಅಕ್ಕಿ ಡಬ್ಬದ ಪುಸ್ತಕಗಳು. ನಾನು ಇವತ್ತು ಸಂಪಾದಕನಾಗಿ ಕೂತಿದ್ದೇನೆ ಅಂದರೆ ಅದಕ್ಕೆ ಆ ತಟ್ಟೆಯೂ ಒಂದು ಕಾರಣ.

'ಔಟ್‌ಲ್ಯಾಂಡರ್' ನಾಯಕ ಫ್ರೇಸರ್ ಕುಲದವನು. ಕಲೋಡನ್‌ನಲ್ಲಿ ಆ ಕುಲದ ಕಲ್ಲಿನ ಮುಂದೆ ಈಗ ಓದುಗರು ಹೂವು ಇಟ್ಟು ಹೋಗುತ್ತಾರೆ. ಕಾದಂಬರಿ ಓದಿ ಬಂದವರು ಅವರು. ನಮ್ಮಲ್ಲಿ? ಹಂಪಿಯಲ್ಲಿ ಹುಡುಗರು ಗುಡಿಯ ಕಂಬ ತಳ್ಳಿ ಬೀಳಿಸಿದ ವಿಡಿಯೋ 2019ರಲ್ಲಿ ನೀವೂ ನೋಡಿರುತ್ತೀರಿ. ಕೋರ್ಟು ಅವರಿಗೆ ತಲಾ 70,000 ರೂಪಾಯಿ ದಂಡ ಹಾಕಿ, ಬಿದ್ದ ಕಂಬಗಳನ್ನು ಅವರ ಕೈಯಲ್ಲೇ ನಿಲ್ಲಿಸಿತು. ಆ ಹುಡುಗರೂ ಶಾಲೆಯಲ್ಲಿ ವಿಜಯನಗರದ ಪಾಠ ಓದಿದವರೇ ಅಲ್ವಾ? ಆ ಕಂಬಕ್ಕೆ ಒರಗಿ ನಿಂತು ಯಾರೋ ಯಾರಿಗೋ ಕಾದಿದ್ದರು ಅನ್ನುವ ಒಂದು ಕಥೆ ಅವರಿಗೆ ಸಿಕ್ಕಿದ್ದರೆ ಕೈ ಮುಂದೆ ಹೋಗುತ್ತಿರಲಿಲ್ಲ ಅಂತ ನಾನು ನಂಬಿದ್ದೇನೆ.

ಇನ್ನೊಂದು ವಿಷಯ. ಗ್ಯಾಬಲ್ಡನ್ ಆ ಕಾದಂಬರಿ ಶುರು ಮಾಡಿದಾಗ ಸ್ಕಾಟ್ಲೆಂಡನ್ನೇ ನೋಡಿರಲಿಲ್ಲ. ಅಮೆರಿಕದ ಅರಿಜೋನಾದಲ್ಲಿ ಕೂತು, ವಿಶ್ವವಿದ್ಯಾಲಯದ ಗ್ರಂಥಾಲಯದ ಪುಸ್ತಕ ಹುಡುಕಿ ಓದಿ ಬರೆದರು. ನನ್ನ ಹೊಟ್ಟೆ ಉರಿಯೋದು ಇಲ್ಲೇ. ನಮ್ಮ ಕಡೆಯ ಒಂದು ಊರಿನ ಗ್ರಂಥಾಲಯಕ್ಕೆ ಹೋಗಿದ್ದೆ. ಊರಿನ ಹೆಸರು ಬೇಡ. ಕಾದಂಬರಿಗಳ ಕಪಾಟಿಗೆ ಬೀಗ. ಕೀಲಿ ಕೇಳಿದರೆ, 'ಅವನ್ನ ಯಾರ್ ಓದ್ತಾರೆ ಸಾರ್, ಪರೀಕ್ಷೆ ಪುಸ್ತಕ ಅಲ್ಲಿವೆ ನೋಡಿ' ಅಂದರು. ಓದುವ ಟೇಬಲ್ಲುಗಳಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಗಾಜಿನ ಹಿಂದೆ ಪುಸ್ತಕದ ಬೆನ್ನುಗಳು ಬಿಸಿಲಿಗೆ ಬಿಳಿಚಿದ್ದವು. ಮನೆ ತೆರಿಗೆ ಜೊತೆ ಗ್ರಂಥಾಲಯದ ಕರವನ್ನು ನಾವೆಲ್ಲ ಕಟ್ಟುತ್ತೇವೆ. ಆ ಕೀಲಿ ನಮ್ಮದು ತಾನೆ?

ಈಗ ನಿಮ್ಮನ್ನೂ ಸ್ವಲ್ಪ ಬೈಯುತ್ತೇನೆ. ಸ್ಕಾಟ್ಲೆಂಡಿನ ಕಲ್ಲುಗಳ ಬಗ್ಗೆ ಎರಡು ಪುಟ ಬರೆದಿದ್ದೀರಿ. ನಿಮ್ಮ ಗಂಗಾವತಿ ಪಕ್ಕದಲ್ಲೇ ಹಿರೇಬೆಣಕಲ್ ಇದೆ, ಅದರ ಬಗ್ಗೆ ಒಂದಕ್ಷರ ಇಲ್ಲ! ಗುಡ್ಡದ ಮೇಲೆ 2,000 ವರ್ಷಕ್ಕೂ ಹಳೆಯ ಕಲ್ಲಿನ ಗೋರಿಗಳು, ಸುಮಾರು 400. ಚಪ್ಪಡಿ ನಿಲ್ಲಿಸಿ ಮನೆ ಕಟ್ಟಿದಂತೆ ಇವೆ. ಎಷ್ಟೋ ಚಪ್ಪಡಿಗಳಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಬಂಡೆಯ ಮೇಲೆ ನಗಾರಿಯಂಥ ಕಲ್ಲೊಂದಿದೆ, ಬಡಿದರೆ ಸದ್ದು ದೂರಕ್ಕೆ ಕೇಳುತ್ತೆ. ಅವು ಮೋರೇರ ಮನೆಗಳು, ಮೋರೇರು ಕುಳ್ಳ ಜನ ಅಂತ ಸುತ್ತಲಿನ ಹಳ್ಳಿಗಳವರ ಮಾತು. 2021ರಲ್ಲಿ ಆ ಜಾಗ ಯುನೆಸ್ಕೊದ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೂ ಸೇರಿತು. ಗ್ಯಾಬಲ್ಡನ್ ತಮ್ಮ ಕಲ್ಲುಗಳ ಜಾಗವನ್ನು ಕಲ್ಪಿಸಿಕೊಂಡು ಬರೆಯಬೇಕಾಯಿತು. ನಿಮಗೆ ಕಿಂಡಿ ಸಮೇತ ಸಿದ್ಧವಾಗಿದೆ.

ಚಳಿಗಾಲದಲ್ಲಿ ಬೆಳಿಗ್ಗೆ ಬೇಗ ಹೋಗಿ. ಹತ್ತುವ ದಾರಿ ಜಾಸ್ತಿ, ನೆರಳು ಕಡಿಮೆ, ನೀರು ತಗೊಂಡು ಹೋಗಿ. ಅಣ್ಣನನ್ನೂ ಕರೆದುಕೊಂಡು ಹೋಗಿ. ಕಿಂಡಿಯ ಮುಂದೆ ಕೂತು, ಆಚೆ ಯಾರಿದ್ದಾರೆ ಅಂತ ನೋಡಿ. ಆಮೇಲೆ ಮೊದಲ ಅಧ್ಯಾಯ ಬರೆಯಿರಿ. ಮೆಣಸಿನಕಾಯಿಯಂಥ ತಪ್ಪುಗಳನ್ನು ಅಣ್ಣ ಕೆಂಪು ಪೆನ್ನಿನಲ್ಲಿ ಗುರುತು ಹಾಕಲಿ, ಅವರ ಓದು ಅದಕ್ಕೆ ಬೇಕೇ ಬೇಕು. ಕೈಬರಹ ಆದರೂ ಪರವಾಗಿಲ್ಲ, ನಮ್ಮ ವಿಳಾಸಕ್ಕೆ ಕಳಿಸಿ. ಈ ಸಲ ಹೆಸರು ಹಾಕಿಯೇ ಕಳಿಸಿ.

— ಸಂಪಾದಕ