ಅಟ್ಟದ ಡಬ್ಬದಲ್ಲಿ ಸಿಕ್ಕ ರಿವಾಲ್ವರ್‌ಗೆ ಬೆಲೆ ಎಷ್ಟು?

ಪೊಲೀಸ್ ಇಲಾಖೆಯಲ್ಲಿ ಬಂದೂಕು ರಿಪೇರಿ ಕೆಲಸ ಮಾಡಿ ನಿವೃತ್ತರಾದ ಹಾಸನದ ನಮ್ಮ ಅಂಕಣಕಾರರು ಓದುಗರ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ.

ಪ್ರಶ್ನೆ: ನಮ್ಮ ತಾತ ಇಂಗ್ಲಿಷ್ ದೊರೆಯೊಬ್ಬರ ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಹಳೇ ಮನೆಯ ಹೆಂಚು ಇಳಿಸುವಾಗ ಅಟ್ಟದಲ್ಲಿ ಬಿಸ್ಕತ್ ಡಬ್ಬ ಸಿಕ್ಕಿತು. ಒಳಗೆ ಎಣ್ಣೆಬಟ್ಟೆಯಲ್ಲಿ ಸುತ್ತಿದ ರಿವಾಲ್ವರ್. ‘ವೆಬ್ಲಿ’ ಎಂದು, ರೋಮನ್ ಅಂಕಿಯಲ್ಲಿ ಆರು ಎಂದು, 1917 ಎಂದು ಅಚ್ಚಿದೆ. ಹಿಡಿಯ ಕೆಳಗೆ ಒಂದು ಬಳೆ ಇದೆ. ಹೊರದೇಶಗಳಲ್ಲಿ ಸರ್ಕಾರವೇ ದುಡ್ಡು ಕೊಟ್ಟು ಇಂಥವನ್ನು ವಾಪಸ್ ತಗೊಳ್ಳುತ್ತದಂತೆ. ನಮ್ಮಲ್ಲಿ ಎಷ್ಟು ಸಿಗಬಹುದು?
– ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ಅಮ್ಮಾ, ಮೊದಲು ಅದನ್ನು ಡಬ್ಬದಲ್ಲೇ ಇಡಿ. ಟ್ರಿಗರ್ ಒತ್ತಿ ನೋಡಬೇಡಿ. ನೂರು ವರ್ಷದ ತೋಟಾ ಸಿಡಿಯಲ್ಲ ಎಂದು ಯಾರಾದರೂ ಧೈರ್ಯ ಹೇಳಿದರೆ ನಂಬಬೇಡಿ.

ನೀವು ಬರೆದದ್ದು ನೋಡಿದರೆ ಇದು ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿಯ ಮಾರ್ಕ್ 6. ಬ್ರಿಟಿಷ್ ಸೇನೆ ಇದನ್ನು 1915ರಲ್ಲಿ ತೆಗೆದುಕೊಂಡಿತು. ಮೊದಲ ಮಹಾಯುದ್ಧದಲ್ಲಿ ಅಧಿಕಾರಿಗಳ ಸೊಂಟದಲ್ಲಿದ್ದದ್ದು ಇದೇ. ಆರು ಗುಂಡು, 6 ಇಂಚಿನ ನಳಿಕೆ, ತೂಕ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ. ಆ ಬಳೆ ದಾರ ಕಟ್ಟಲಿಕ್ಕೆ. ಕುದುರೆ ಮೇಲಿಂದ ಜಾರಿದರೂ ಕಳೆದುಹೋಗಬಾರದಲ್ಲ. ಇದರ ತಮ್ಮನಂತೆ ಕಾಣುವ ಪಾಯಿಂಟ್ 38ರ (ನಳಿಕೆಯ ಬಾಯಿಯ ಅಳತೆ, ಇಂಚಿನಲ್ಲಿ) ವೆಬ್ಲಿಯೂ ಇದೆ. ಅದು ಗಾತ್ರದಲ್ಲಿ ಚಿಕ್ಕದು, ನಳಿಕೆಯ ಬಾಯಿಯೂ ಕಿರಿದು. ನಿಮ್ಮದು ಪಾಯಿಂಟ್ 455.

ಒಂದು ಗುರುತು ಹುಡುಕಿದರೆ ನನಗೂ ಖುಷಿ. ಬಾಣದ ತುದಿಯಂಥ ಚಿಹ್ನೆ ಇದೆಯಾ? ಅದು ಬ್ರಿಟಿಷ್ ಸರ್ಕಾರದ ಆಸ್ತಿ ಎಂಬ ಮುದ್ರೆ. ಎರಡು ಬಾಣ ಮೂತಿಗೆ ಮೂತಿ ತಾಗಿಸಿ ನಿಂತಿದ್ದರೆ, ಸರ್ಕಾರ ಅದನ್ನು ಮಾರಿ ಕೈತೊಳೆದುಕೊಂಡಿದೆ ಎಂದರ್ಥ. ಬಾಣವೇ ಇಲ್ಲದಿದ್ದರೆ ಯಾರೋ ಅಧಿಕಾರಿ ಸ್ವಂತ ದುಡ್ಡಿನಲ್ಲಿ ಕೊಂಡದ್ದಿರಬಹುದು. ನಿಮ್ಮ ತಾತನ ದೊರೆ ಯುದ್ಧಕ್ಕೆ ಹೋಗಿ ಬಂದವರಾ, ಮನೆಯಲ್ಲಿ ಹಿರಿಯರನ್ನು ಕೇಳಿ.

ಎಲ್ಲ ಹಳೇ ರಿವಾಲ್ವರೂ ಹೀಗೆ ಊರು ಹೇಳುವುದಿಲ್ಲ. ಸ್ಪೇನಿನ ಐಬಾರ್‌ನಲ್ಲಿ ಮಾಡಿದ ನಕಲುಗಳ ಮೇಲೆ ‘ಸ್ಮಿತ್ ಅಂಡ್ ವೆಸನ್’ ಎಂದು ಅಮೆರಿಕದ ಕಂಪನಿಯ ಹೆಸರು ದಪ್ಪಗೆ ಇರುತ್ತದೆ. ಪಕ್ಕದಲ್ಲೇ ಸಣ್ಣಗೆ ‘ಇದಕ್ಕೆ ಆ ಕಂಪನಿಯ ತೋಟಾ ಹೊಂದುತ್ತದೆ’ ಎಂದು! ಬೆಲ್ಜಿಯಂನ ಲಿಯೇಜ್‌ನದಾದರೆ ಮೊಟ್ಟೆಯಾಕಾರದೊಳಗೆ ಇ-ಎಲ್-ಜಿ ಅಕ್ಷರ ಇರುತ್ತದೆ.

ದಯವಿಟ್ಟು ತಿಕ್ಕಬೇಡಿ. ಒಮ್ಮೆ ತೋಟದ ಯಜಮಾನರೊಬ್ಬರು ಠಾಣೆಗೆ ಒಪ್ಪಿಸಲು ತಂದ ರಿವಾಲ್ವರ್ ಬೆಳ್ಳಿ ಲೋಟದಂತೆ ಹೊಳೆಯುತ್ತಿತ್ತು. “ಸಾಹೇಬ್ರಿಗೆ ತುಕ್ಕು ಹಿಡಿದದ್ದು ಕೊಡೋದಾ ಅಂತ ಎಮರಿ ಪೇಪರ್ ಹಾಕಿ ಉಜ್ಜಿಸ್ದೆ” ಎಂದರು. ನಂಬರಿನ ಅರ್ಧ ಹೋಗಿತ್ತು. ಬಂದೂಕಿನ ನಂಬರ್ ಅಳಿಸುವುದು ಆಯುಧ ಕಾಯ್ದೆಯಲ್ಲಿ ಅಪರಾಧ. ಪಾಪ, ಎರಡು ತಿಂಗಳು ಸಮಜಾಯಿಷಿ ಬರೆದುಕೊಟ್ಟರು.

ಈಗ ದುಡ್ಡಿನ ವಿಷಯ. ಸ್ಕಾಟ್ಲೆಂಡಿನ ಡನ್‌ಬ್ಲೇನ್ ಶಾಲೆಯಲ್ಲಿ ನಡೆದ ಹತ್ಯೆಯ ನಂತರ ಬ್ರಿಟನ್ 1997ರಲ್ಲಿ ಕೈಬಂದೂಕುಗಳನ್ನು ನಿಷೇಧಿಸಿ, ಒಪ್ಪಿಸಿದವರಿಗೆ ಪರಿಹಾರ ಕೊಟ್ಟಿತು. ಒಂದಕ್ಕೆ ಇಷ್ಟು ಎಂದು 150 ಪೌಂಡ್ ತಗೊಳ್ಳಬಹುದಿತ್ತು, ಇಲ್ಲವೇ ಬೆಲೆ ಕಟ್ಟಿಸಿ ಜಾಸ್ತಿ ಕೇಳಬಹುದಿತ್ತು. ನ್ಯೂಜಿಲೆಂಡ್ 2019ರಲ್ಲಿ ಸ್ಥಿತಿ ನೋಡಿ ಮೂಲಬೆಲೆಯ ಶೇಕಡ 95, 70 ಅಥವಾ 25 ಕೊಟ್ಟಿತು. ಎಲ್ಲದಕ್ಕೂ ಒಂದೇ ದರ ಎಂದರೆ ತುಕ್ಕು ಹಿಡಿದ ಐಬಾರ್ ನಕಲಿಗೂ ನಿಮ್ಮ ವೆಬ್ಲಿಗೂ ಒಂದೇ ತಕ್ಕಡಿ. ನನಗೆ ಅದು ಸರಿ ಕಾಣುವುದಿಲ್ಲ.

ನಮ್ಮಲ್ಲಿ ಅಂಥ ಯೋಜನೆ ಇಲ್ಲ. ಒಪ್ಪಿಸಿದರೆ ಸಿಗುವುದು ರಸೀದಿ. ಮಾರುವುದೂ ಸುಲಭವಲ್ಲ. ಪಾಯಿಂಟ್ 455 ನಮ್ಮ ಕಾನೂನಿನಲ್ಲಿ ನಿಷೇಧಿತ ಬೋರ್, ಅಂದರೆ ಸಾಮಾನ್ಯರಿಗೆ ಲೈಸೆನ್ಸ್ ಸಿಗದ ನಳಿಕೆ ಅಳತೆ. ಇದೇ ಕಂಪನಿಯ ಪಾಯಿಂಟ್ 32 ಆಗಿದ್ದರೆ ಗನ್ ಹೌಸಿನವರು ಕುರ್ಚಿ ಹಾಕಿ ಕೂರಿಸುತ್ತಿದ್ದರು. ಹೊರಗಿಂದ ತರಿಸುವುದು 1980ರ ದಶಕದಲ್ಲೇ ನಿಂತಿದ್ದರಿಂದ ಅದಕ್ಕೆ ಒಳ್ಳೇ ಗಿರಾಕಿ.

ಡಬ್ಬದ ತಳದಲ್ಲಿ, ತಾತನ ಪೆಟ್ಟಿಗೆಯಲ್ಲಿ ಹಳೇ ಲೈಸೆನ್ಸ್ ಪುಸ್ತಕ ಇದೆಯೇ ಹುಡುಕಿ. ಅದು ರಿವಾಲ್ವರ್‌ಗಿಂತ ಮುಖ್ಯ. ಲೈಸೆನ್ಸ್ ಮುಗಿದ ಆಯುಧವನ್ನು ಠಾಣೆಯಲ್ಲಿ ಜಮಾ ಮಾಡಿದವರು ಗಡುವಿನೊಳಗೆ, ಅರ್ಹರಿಗೆ ಮಾರಿ ಹಣ ಪಡೆಯಲು ಕಾಯ್ದೆಯಲ್ಲಿ ದಾರಿ ಇದೆ. ಗಡುವು ದಾಟಿದರೆ ಸರ್ಕಾರದ ಪಾಲು. ಪುಸ್ತಕ ಸಿಗದಿದ್ದರೂ ಮುಚ್ಚಿಡಬೇಡಿ. ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಲೂ ಬೇಡಿ. ಪರಿಚಯದ ವಕೀಲರಿಗೆ ಒಂದು ಮಾತು ಹೇಳಿ, ಯಾವತ್ತು, ಎಲ್ಲಿ, ಯಾರ ಎದುರು ಸಿಕ್ಕಿತೆಂದು ಬರೆದಿಟ್ಟು, ಠಾಣೆಗೆ ಫೋನ್ ಮಾಡಿ ಮನೆಗೇ ಕರೆಸಿ. ಹೆಂಚು ಇಳಿಸಿದ ಕೆಲಸದವರೂ ಅಲ್ಲಿರಲಿ.

ಪ್ರಶ್ನೆ: ಅಪ್ಪನಿಗೆ 74. ತೋಟ ಕಾಯಲು ಇಟ್ಟ ಜೋಡು ನಳಿಕೆ ಕೋವಿಯನ್ನು ನನ್ನ ಹೆಸರಿಗೆ ಮಾಡಬೇಕೆಂದಿದ್ದಾರೆ. ಈಗಲೇ ಆಗುತ್ತದೆಯೇ?
– ಓದುಗರು, ಮೂಡಿಗೆರೆ

ಉತ್ತರ: ಆಗುತ್ತದೆ. ಲೈಸೆನ್ಸ್‌ದಾರರಿಗೆ 70 ತುಂಬಿದರೆ, ಇಲ್ಲವೇ ಕೋವಿ ಅವರ ಬಳಿ 25 ವರ್ಷ ಇದ್ದರೆ ವಾರಸುದಾರರು ಡಿಸಿ ಕಚೇರಿಗೆ ಅರ್ಜಿ ಹಾಕಬಹುದು. 2019ರಿಂದ ಒಬ್ಬರಿಗೆ ಎರಡೇ ಆಯುಧ ಎಂಬುದು ನೆನಪಿರಲಿ. ಲೈಸೆನ್ಸ್ ಕೈಗೆ ಬರುವವರೆಗೆ ಕೋವಿ ಅಪ್ಪನದೇ. ಹಂದಿ ಓಡಿಸಲಿಕ್ಕೂ ನೀವು ಮುಟ್ಟಬೇಡಿ.