ಹಿತ್ತಲಿನ ಕೆರೆಯಲ್ಲಿ ಅಲಿಗೇಟರ್ ಇದ್ದರೆ

ಪ್ರಶ್ನೆ: ಮಗಳು, ಅಳಿಯ ಅಮೆರಿಕದ ಫ್ಲಾರಿಡಾದಲ್ಲಿದ್ದಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನೂ ನಮ್ಮ ಯಜಮಾನರೂ ಅಲ್ಲಿಗೆ ಹೋಗುವವರಿದ್ದೇವೆ. ಅವರ ಹಿತ್ತಲಿಗೆ ಹೊಂದಿಕೊಂಡ ಕೆರೆಯಲ್ಲಿ ಮೊಸಳೆಯ ಹತ್ತಿರದ ಸಂಬಂಧಿಯಾದ ಅಲಿಗೇಟರ್ ಇದೆಯಂತೆ. ಮನೆಯಲ್ಲಿ ಐದು ವರ್ಷದ ಮೊಮ್ಮಗನಿದ್ದಾನೆ, ಒಂದು ಪುಟ್ಟ ನಾಯಿಯಿದೆ. ರಜೆಯ ದಿನ ಅದೇ ಕೆರೆಯಲ್ಲಿ ಕಯಾಕ್ ಎಂಬ ಹುಟ್ಟುಹಾಕುವ ಪುಟ್ಟ ದೋಣಿ ನಡೆಸುತ್ತಾರೆ. 'ಅಮ್ಮ, ನೀನೂ ಬಾ' ಎನ್ನುತ್ತಾಳೆ. ಹೋಗಬಹುದೇ?
– ಓದುಗಿ, ಕೋಥ್ರೂಡ್, ಪುಣೆ

ಉತ್ತರ: ಹೋಗಬಹುದು. ಆದರೆ ದೋಣಿಯ ಬಗ್ಗೆ ನಿಮಗಿರುವ ಆತಂಕದ ಬಹುಪಾಲನ್ನು ಹಿತ್ತಲಿನ ದಡಕ್ಕೆ ವರ್ಗಾಯಿಸಿಕೊಳ್ಳುವುದು ಒಳ್ಳೆಯದು. ಫ್ಲಾರಿಡಾದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಅಲಿಗೇಟರ್‌ಗಳಿದ್ದು, ಅಲ್ಲಿನ 67 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂತೆ) ಅವಿಲ್ಲದ ಕೌಂಟಿಯೇ ಇಲ್ಲ. ಹಾಗಿದ್ದೂ ಅವು ಮನುಷ್ಯರ ಮೇಲೆ ಎರಗುವುದು ಅಪರೂಪ, ಏಕೆಂದರೆ ನೆಟ್ಟಗೆ ನಿಂತ ದೊಡ್ಡವರು ಅವುಗಳ ಬೇಟೆಯ ಅಳತೆಗೆ ಹೊಂದುವುದಿಲ್ಲ. ನೀರಂಚಿನಲ್ಲಿ ಬಗ್ಗಿ ಆಡುವ ಮಗುವೂ ನೀರು ಕುಡಿಯಲು ತಲೆ ತಗ್ಗಿಸಿದ ನಾಯಿಯೂ ಆ ಅಳತೆಗೆ ಸರಿಯಾಗಿ ಹೊಂದುವುದರಿಂದ, ಮೊಮ್ಮಗ ಕೆರೆಯ ಕಡೆ ಹೋದಾಗ ದೊಡ್ಡವರೊಬ್ಬರು ಅವನಿಗೂ ನೀರಿಗೂ ನಡುವೆ ಇರಬೇಕು. ನಾಯಿಯ ಹಗ್ಗ ಗಿಡ್ಡವಾಗಿರಬೇಕು. ಅಲಿಗೇಟರ್ ಹೆಚ್ಚು ಚುರುಕಾಗುವುದು ಸಂಜೆಯಿಂದ ಬೆಳಗಿನ ಜಾವದವರೆಗೆ. ನೀವು ಹೋಗುವ ತಿಂಗಳುಗಳಲ್ಲಿ ನೀರು ಬೆಚ್ಚಗಿರುವ ಕಾರಣ ಅದರ ಹಸಿವೂ ಜೋರಾಗಿರುತ್ತದೆ. ಆದ್ದರಿಂದ ಊಟವಾದ ಮೇಲಿನ ವಾಯುವಿಹಾರವನ್ನು ಕೆರೆಯ ದಂಡೆಯ ಮೇಲೆ ಇಟ್ಟುಕೊಳ್ಳಬೇಡಿ.

ಇದೆಲ್ಲಕ್ಕಿಂತ ಮುಖ್ಯವಾದದ್ದು, ಅದಕ್ಕೆ ಏನನ್ನೂ ತಿನ್ನಿಸದಿರುವುದು. ಉಳಿದ ಚಪಾತಿಯನ್ನು ಬಾತುಗಳಿಗೆಂದು ಎಸೆಯುವುದು, ಮೀನು ಹೆಚ್ಚಿದ ಕಸವನ್ನು ನೀರಿಗೆ ಸುರಿಯುವುದು ನಮಗೆ ಪುಣ್ಯದ ಕೆಲಸದಂತೆಯೋ ಸಹಜವಾಗಿಯೋ ಕಾಣಬಹುದು. ಆದರೆ ದಡದಲ್ಲಿ ಮನುಷ್ಯರು ಕಂಡರೆ ಆಹಾರ ಸಿಗುತ್ತದೆಂದು ಒಮ್ಮೆ ಕಲಿತ ಅಲಿಗೇಟರ್ ಸಹಜವಾದ ಅಂಜಿಕೆಯನ್ನು ಕಳೆದುಕೊಳ್ಳುತ್ತದೆ, ಮುಂದೆ ಅದನ್ನು ಹಿಡಿದು ಕೊಲ್ಲಬೇಕಾಗುತ್ತದೆ. ಕಾಡು ಅಲಿಗೇಟರ್‌ಗೆ ಆಹಾರ ಹಾಕುವುದು ಫ್ಲಾರಿಡಾದಲ್ಲಿ ಅಪರಾಧ. ಸೊಟ್ಟಸೊಟ್ಟಗೆ ಓಡಿದರೆ ಅದು ಬೆನ್ನಟ್ಟಲಾರದೆಂಬ ಮಾತನ್ನು ನಂಬಬೇಡಿ. ಬುಸುಗುಟ್ಟಿತೆಂದರೆ ನೀವು ತೀರಾ ಹತ್ತಿರ ಹೋಗಿದ್ದೀರಿ ಎಂದರ್ಥ. ನೇರವಾಗಿ, ನೀರಿನಿಂದ ದೂರಕ್ಕೆ ನಡೆದುಬಿಡಿ.

ಇನ್ನು ಕಯಾಕ್. ನೀರಿನ ಮೇಲೆ ಬಹಳ ಸಲ ಕಾಣುವುದು ಎರಡು ಉಬ್ಬುಗಳು ಮಾತ್ರ: ಹಿಂದೆ ಕಣ್ಣು, ಮುಂದೆ ಮೂಗಿನ ತುದಿ. ಇವೆರಡರ ನಡುವೆ ಎಷ್ಟು ಇಂಚಿದೆಯೋ ಪ್ರಾಣಿ ಸುಮಾರು ಅಷ್ಟು ಅಡಿ ಉದ್ದ ಇರುತ್ತದೆಂಬುದು ಅಲ್ಲಿನವರ ಅಂದಾಜು. ಹತ್ತು ಇಂಚು ಕಂಡರೆ ಹತ್ತಡಿಯ ಅಲಿಗೇಟರ್. ಗಾತ್ರ ಯಾವುದೇ ಇರಲಿ, ಅರವತ್ತು ಅಡಿ ದೂರವಿಟ್ಟುಕೊಂಡು, ಅದಕ್ಕೂ ಆಳದ ನೀರಿಗೂ ನಡುವೆ ದೋಣಿ ತರದೆ ಸಾಗಿ. ದಡದಲ್ಲಿ ಬಿಸಿಲು ಕಾಯುತ್ತಿರುವ ಪ್ರಾಣಿ ಗಾಬರಿಯಾದರೆ ಓಡುವುದು ಆಳದ ಕಡೆಗೇ, ಆಗ ನಿಮ್ಮ ದೋಣಿ ಅದರ ದಾರಿಯಲ್ಲಿದ್ದರೆ ಅಡಿಯಿಂದ ಗುದ್ದಿಕೊಂಡೇ ಹೋದೀತು. ಕೈಕಾಲುಗಳನ್ನು ನೀರಿನಲ್ಲಿ ಇಳಿಬಿಡಬೇಡಿ. ಜೊಂಡು ಬೆಳೆದ ಕಿರಿದಾದ ತಿರುವುಗಳಲ್ಲಿ ಹುಟ್ಟಿನಿಂದ ದೋಣಿಯ ಅಂಚಿಗೆ ಎರಡು ಬಾರಿ ತಟ್ಟಿದರೆ ಅದು ಮೊದಲೇ ಸರಿದುಕೊಳ್ಳುತ್ತದೆ. ಹತ್ತುವುದೂ ಇಳಿಯುವುದೂ ತೆರೆದ ಜಾಗದಲ್ಲಿರಲಿ. ಹೆಣ್ಣು ಅಲಿಗೇಟರ್ ಹುಲ್ಲುಕಸ ಗುಡ್ಡೆಹಾಕಿ ಮೊಟ್ಟೆಯಿಡುವುದು ಜೂನ್ ಕೊನೆ, ಜುಲೈ ಆರಂಭದಲ್ಲಿ. ಮರಿಗಳು ಹೊರಬರುವುದು ಆಗಸ್ಟ್ ನಡುವಿನಿಂದ. ಹಳದಿ ಪಟ್ಟೆಯ ಗೇಣುದ್ದದ ಮರಿಗಳು ಕೀಚುಗುಟ್ಟುತ್ತಿದ್ದರೆ ಮೊಮ್ಮಗನಿಗೆ ತೋರಿಸಲು ಮನಸ್ಸಾಗುತ್ತದೆ, ಆದರೆ ತಾಯಿ ಅಲ್ಲೇ ಇರುತ್ತದೆ. ದೋಣಿ ಹಿಂದಕ್ಕೆ ತಿರುಗಿಸಿ.

ಪ್ರಶ್ನೆ: ಅಲಿಗೇಟರ್‌ಗಳ ಪಕ್ಕದಲ್ಲೇ ಕಯಾಕ್ ನಡೆಸುವ ವಿಡಿಯೊಗಳನ್ನು ನೋಡಿದ್ದೇವೆ. ನಮ್ಮ ಕುಂಭಾರ್ಜುವಾ ಕಾಲುವೆಯಲ್ಲೂ ಗೆಳೆಯರು ಸೇರಿ ಹಾಗೆ ಹೋಗಬಹುದೇ?
– ಓದುಗ, ಫೋಂಡಾ, ಗೋವಾ

ಉತ್ತರ: ಬೇಡ. ಭಾರತದ ಕಾಡುನೀರಿನಲ್ಲಿ ಅಲಿಗೇಟರ್ ಇಲ್ಲ. ಮಾಂಡವಿ ಮತ್ತು ಜುವಾರಿಗಳನ್ನು ಜೋಡಿಸುವ ನಿಮ್ಮ ಕಾಲುವೆಯಲ್ಲಿರುವುದು ಮಗ್ಗರ್ ಮೊಸಳೆ. ದಾಂಡೇಲಿಯ ಕಾಳಿ ನದಿಯಲ್ಲೂ ರಂಗನತಿಟ್ಟಿನಲ್ಲೂ ಕಾಣುವ ಜಾತಿಯೇ ಇದು. ಅಗಲ ಮೂತಿಯಿಂದಾಗಿ ಎರಡೂ ಒಂದೇ ಎನಿಸಬಹುದು, ಆದರೆ ಬಾಯಿ ಮುಚ್ಚಿದಾಗಲೂ ಕೆಳದವಡೆಯ ನಾಲ್ಕನೆಯ ಹಲ್ಲು ಮಗ್ಗರ್‌ನಲ್ಲಿ ಹೊರಗೆ ಕಾಣುತ್ತದೆ, ಅಲಿಗೇಟರ್‌ನಲ್ಲಿ ಕಾಣುವುದಿಲ್ಲ. ಮಗ್ಗರ್ ನಮ್ಮ ದೇಶದಲ್ಲಿ ಜನರನ್ನು ಕೊಂದದ್ದಿದೆ; ವಿಡಿಯೊದ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಸಿಹಿನೀರಿನ ಪ್ರಾಣಿಯಾದರೂ ಈ ಕಾಲುವೆಯ ಉಪ್ಪುಬೆರೆತ ನೀರಿಗೆ ಅದು ಒಗ್ಗಿಕೊಂಡಿದೆ. ಇಳಿತದ ಹೊತ್ತಿನಲ್ಲಿ ಕೆಸರುದಂಡೆ ತೆರೆದುಕೊಂಡಾಗ ಮೇಲೆ ಬಂದು ಮಲಗುವುದರಿಂದ ಕಣ್ಣಿಗೆ ಬೀಳುತ್ತದೆ. ಉಬ್ಬರದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರುಗಳ ನಡುವೆ ಎಲ್ಲಿದೆಯೆಂದು ಹೇಳಲಾಗದು. ನೀರಿನ ಮಟ್ಟಕ್ಕೆ ಕುಳಿತು ಸಾಗುವ ಕಯಾಕ್‌ಗೆ ಇದು ಸರಿಯಾದ ಜಾಗವಲ್ಲ. ನೋಡಲೇಬೇಕೆಂದರೆ ಚಳಿಗಾಲದಲ್ಲಿ, ಇಳಿತದ ಹೊತ್ತಿಗೆ, ಸ್ಥಳೀಯರು ನಡೆಸುವ ದೊಡ್ಡ ದೋಣಿಯಲ್ಲಿ ಹೋಗಿ. ಬೋರಿಯಂಥ ಊರುಗಳಲ್ಲಿ ಪುಷ್ಯ ಅಮಾವಾಸ್ಯೆಯಂದು ಕೆಸರಿನಲ್ಲಿ ಮೊಸಳೆಯ ಆಕಾರ ಮಾಡಿ, ಚಿಪ್ಪುಗಳನ್ನು ಒತ್ತಿ ಪೂಜಿಸುವ ಜನ ಅದರ ಜೊತೆ ತಲೆಮಾರುಗಳಿಂದ ಬಾಳಿದವರು. ಇಂಥ ದಂಡೆಗೆ ಇಳಿಯಬೇಡಿ ಎಂದು ಅವರು ಹೇಳಿದರೆ ಚರ್ಚೆ ಮಾಡಬೇಡಿ.

ಪ್ರಶ್ನೆ: ಪವಾಯಿ ಕೆರೆಯ ಮೊಸಳೆ ಮಳೆಗಾಲದಲ್ಲಿ ರಸ್ತೆಗೆ ಬಂದರೆ ಏನು ಮಾಡಬೇಕು?
– ಓದುಗ, ಭಾಂಡುಪ್, ಮುಂಬಯಿ

ಉತ್ತರ: ಜನ ಸೇರದಂತೆ ನೋಡಿಕೊಂಡು, ಅದು ಕೆರೆಗೆ ಮರಳುವ ದಾರಿಯನ್ನು ತೆರೆದಿಟ್ಟು, ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಫೋನ್ ಮಾಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಪವಾಯಿಯ ಈ ಮಗ್ಗರ್ ಮೊಸಳೆಯೂ ಇರುವುದರಿಂದ ಹಗ್ಗ ಹಾಕಿ ಹಿಡಿಯಹೊರಟವರು ಕಚ್ಚಿಸಿಕೊಳ್ಳುವುದಲ್ಲದೆ ಮೊಕದ್ದಮೆಯನ್ನೂ ಎದುರಿಸಬೇಕಾದೀತು. ಬಾಲದ ಕಡೆಯಿಂದ ಹೋದರೆ ಅಪಾಯವಿಲ್ಲವೆಂಬುದು ತಪ್ಪು. ಬಾಲದ ಒಂದೇ ಏಟಿಗೆ ದೊಡ್ಡವರೂ ನೆಲಕ್ಕೆ ಬೀಳುತ್ತಾರೆ.