ವಿಚ್ಛೇದನದ ಕಾಗದ ಎಲ್ಲಿ ಸಿಗುತ್ತದೆ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇದ್ದದ್ದು ಕೋರ್ಟಿನ ಹಳೆಯ ಕಾಗದಗಳ ವಿಚಾರ. ಕಾಸರಗೋಡು, ಮಂಜೇಶ್ವರ ಕಡೆಯ ಕೆಲವನ್ನು ಆರಿಸಿಕೊಂಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ಕೆಲವು ವರ್ಷಗಳ ಹಿಂದೆ ಕಾಸರಗೋಡಿನ ಫ್ಯಾಮಿಲಿ ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ವಿಚ್ಛೇದನ ಪಡೆದಿದ್ದೆವು. ಈಗ ನನಗೆ ಎರಡನೇ ಮದುವೆ ಆಗಿದೆ. ರಿಜಿಸ್ಟ್ರೇಶನ್‌ಗೆ ಪಂಚಾಯತಿಗೆ ಹೋದರೆ ಮೊದಲಿನ ಡಿಕ್ರಿ (ವಿಚ್ಛೇದನ ಕೊಟ್ಟ ಕೋರ್ಟಿನ ಆದೇಶ) ತನ್ನಿ ಅಂತಾರೆ. ನನ್ನ ಹತ್ತಿರ ಇಲ್ಲ. ಆಗಿನ ವಕೀಲರು ತೀರಿಕೊಂಡಿದ್ದಾರೆ. ಕೇಸು ನಂಬರ್ ಕೂಡ ನೆನಪಿಲ್ಲ. ಮೇಡಂ, ಏನು ಮಾಡಲಿ? (ಬದಿಯಡ್ಕ)

ಉತ್ತರ: ಪಂಚಾಯತಿಯವರು ಕೇಳಿದ್ದರಲ್ಲಿ ತಪ್ಪಿಲ್ಲ. ಕೇರಳದಲ್ಲಿ 2008ರ ನಿಯಮದಂತೆ ಎಲ್ಲ ಧರ್ಮದವರ ಮದುವೆಯನ್ನೂ ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಬೇಕು, ಮೊದಲಿನ ಮದುವೆ ಮುಗಿದಿದೆಯೋ ಇಲ್ಲವೋ ಅಂತ ಅವರು ನೋಡಲೇಬೇಕಲ್ವಾ.

ವಿಚ್ಛೇದನ ಆದಾಗ ನಿಮಗೆ ಒಂದು ಪ್ರತಿ ಪುಕ್ಕಟೆ ಸಿಗಬೇಕಿತ್ತು. ಹಿಂದೂ ವಿವಾಹ ಕಾಯ್ದೆಯ 23(4)ನೇ ಸೆಕ್ಷನ್ ಹಾಗೆ ಹೇಳುತ್ತದೆ, ಗಂಡನಿಗೊಂದು, ಹೆಂಡತಿಗೊಂದು. ಸಿಕ್ಕಿದ್ದನ್ನು ಸಿಟ್ಟಿನಲ್ಲಿ ಹರಿದು ಹಾಕಿದವರನ್ನೂ ಒಲೆಗೆ ಹಾಕಿದವರನ್ನೂ ನಾನು ಬಲ್ಲೆ. ಸಿಟ್ಟು ಅರ್ಥವಾಗುತ್ತದೆ. ಆದರೆ ಮುಂದಿನ ಜೀವನಕ್ಕೆ ಬೇಕಾಗುವುದು ಅದೇ ಕಾಗದ. ಈಗ ದುಡ್ಡು ಕೊಟ್ಟು ಇನ್ನೊಂದು ತೆಗೆಯಬೇಕು, ಅಷ್ಟೆ.

ಮೊದಲು ನಂಬರ್ ಹುಡುಕಿ. ಕೋರ್ಟುಗಳ ಕೇಸಿನ ವಿವರ ಸಿಗುವ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲೋ ಮೊಬೈಲ್ ಆ್ಯಪಿನಲ್ಲೋ ಕೇರಳ, ಕಾಸರಗೋಡು ಅಂತ ಆರಿಸಿ, ಆಮೇಲೆ ಕೋರ್ಟ್ ಸಂಕೀರ್ಣ ಆರಿಸಿ, ಕಕ್ಷಿದಾರರ ಹೆಸರು ಮತ್ತು ವರ್ಷ ಹಾಕಿ. ಎಷ್ಟೋ ಜನ ಬಾಕಿ ಇರುವ ಕೇಸುಗಳಲ್ಲೇ ಹುಡುಕಿ ಸಿಗಲಿಲ್ಲ ಅಂತ ಬಿಡುತ್ತಾರೆ. ನಿಮ್ಮದು ಮುಗಿದ ಕೇಸು, ಮುಗಿದವುಗಳ ಪಟ್ಟಿಯಲ್ಲಿ ನೋಡಿ. ಹೆಸರಿನ ಇಂಗ್ಲಿಷ್ ಕಾಗುಣಿತವೂ ಕೈಕೊಡುತ್ತದೆ. ಆಧಾರ್‌ನಲ್ಲಿ ಒಂದು ಥರ, ಅರ್ಜಿ ಟೈಪ್ ಮಾಡಿದವರು ಹಾಕಿದ್ದು ಇನ್ನೊಂದು ಥರ. ಪೂರ್ತಿ ಹೆಸರು ಬೇಡ, ಮೊದಲ ಮೂರ್ನಾಲ್ಕು ಅಕ್ಷರ ಹಾಕಿ ನೋಡಿ, ಸಿಗದಿದ್ದರೆ ಮಾಜಿ ಗಂಡನ ಹೆಸರಿನಲ್ಲಿ ಹುಡುಕಿ, ವರ್ಷವನ್ನೂ ಒಂದು ಹಿಂದೆ ಮುಂದೆ ಮಾಡಿ. ಅರ್ಜಿ ಹಾಕಿದ ವರ್ಷವೇ ಕೇಸಿನ ವರ್ಷ, ತೀರ್ಪು ಬಂದ ವರ್ಷ ಅಲ್ಲ. ಸಿಕ್ಕಿದರೆ ಓಪಿ ನಂಬರ್ (ಕೋರ್ಟಿನ ಅರ್ಜಿ ನಂಬರ್) ಮತ್ತು 16 ಅಕ್ಷರ-ಅಂಕಿಗಳ ಸಿಎನ್ಆರ್ ನಂಬರ್ (ಪ್ರತಿ ಕೇಸಿಗೂ ಇರುವ ಗುರುತಿನ ನಂಬರ್) ಎರಡನ್ನೂ ಬರೆದಿಟ್ಟುಕೊಳ್ಳಿ. ತೀರ್ಪು ಅಲ್ಲಿ ತೆರೆಯದಿದ್ದರೆ ಗಾಬರಿ ಬೇಡ. ತೆರೆದರೂ ಆ ಪ್ರಿಂಟ್ ಪಂಚಾಯತಿಗೆ ಆಗುವುದಿಲ್ಲ, ಕೋರ್ಟಿನ ಮೊಹರು ಇರುವ ಸರ್ಟಿಫೈಡ್ ಕಾಪಿಯೇ ಬೇಕು.

ಆಮೇಲೆ ವಿದ್ಯಾನಗರದ ಕೋರ್ಟಿಗೆ ಹೋಗಿ. ವಕೀಲರು ಇಲ್ಲದಿದ್ದರೂ ಕೇಸಿನ ಕಕ್ಷಿದಾರರಾಗಿ ನೀವೇ ಕಾಪಿ ಅರ್ಜಿ ಕೊಡಬಹುದು. ಕೋರ್ಟ್ ಫೀ ಸ್ಟಾಂಪ್ ಅಂಟಿಸಿ, ಕೇಸು ನಂಬರ್, ಇಬ್ಬರ ಹೆಸರು, ತೀರ್ಪಿನ ತಾರೀಕು ಬರೆಯಿರಿ. ಗುರುತಿನ ಚೀಟಿ ಕೈಯಲ್ಲಿರಲಿ. ಅರ್ಜಿ ಕೊಟ್ಟು ಮನೆಗೆ ಹೋಗಿ ಕೂತರೆ ಕಾಪಿ ತಾನಾಗಿ ಬರುವುದಿಲ್ಲ. ಎಷ್ಟು ಹಾಳೆಯ ಸ್ಟಾಂಪ್ ಪೇಪರ್ ಬೇಕು ಅಂತ ಅವರು ನೋಟಿಸ್ ಬೋರ್ಡಿಗೆ ಹಾಕುತ್ತಾರೆ, ಅದನ್ನು ನೋಡಿ ಸಮಯಕ್ಕೆ ತಂದು ಕೊಡಬೇಕು, ಇಲ್ಲದಿದ್ದರೆ ಅರ್ಜಿ ತಳ್ಳಿಹೋಗಿ ಮತ್ತೆ ಮೊದಲಿಂದ ಶುರು. ದಿನಾ ಹೋಗಲು ಆಗದವರು ಒಬ್ಬ ವಕೀಲರ ಗುಮಾಸ್ತರನ್ನು ಹಿಡಿಯುವುದು ಒಳ್ಳೆಯದು. ಈ ಕೆಲಸ ಅವರಿಗೆ ನೀರು ಕುಡಿದಷ್ಟು ಸುಲಭ.

ಇನ್ನೊಂದು ಮಾತು. ತೀರ್ಪು ಬೇರೆ, ಡಿಕ್ರಿ ಬೇರೆ. ತೀರ್ಪಿನಲ್ಲಿ ಕಾರಣಗಳೆಲ್ಲ ಇರುತ್ತವೆ, ಡಿಕ್ರಿಯಲ್ಲಿ ಕೊನೆಯ ಆದೇಶ ಮಾತ್ರ. ಎರಡರದ್ದೂ ಕಾಪಿ ತೆಗೆದಿಡಿ, ಆದರೆ ಪಂಚಾಯತಿಗೆ ಡಿಕ್ರಿ ಮಾತ್ರ ಕೊಟ್ಟು ನೋಡಿ. ತೀರ್ಪಿನಲ್ಲಿ ಮನೆಯೊಳಗಿನ ಕಥೆಯೂ ಇರಬಹುದು. ಅದು ಊರಿನ ಕಚೇರಿಯ ಫೈಲಿನಲ್ಲಿ ಯಾಕೆ ಕೂರಬೇಕು?

ಖರ್ಚು ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಉಂಟು. ಸಹಾಯವಾಣಿ 15100.

ಪ್ರಶ್ನೆ: ಮಗಳಿಗೆ ಒಂದು ಸಂಬಂಧ ಬಂದಿದೆ. ಹುಡುಗನಿಗೆ ಮೊದಲು ಮದುವೆಯಾಗಿ ವಿಚ್ಛೇದನ ಆಗಿದೆಯಂತೆ. ದಲ್ಲಾಳಿ ಎಲ್ಲ ಸರಿ ಇದೆ ಅಂತಾರೆ. ಕೋರ್ಟಿನಿಂದ ಆ ಕೇಸಿನ ಫೈಲು ನಾನೇ ತೆಗೆದು ನೋಡಬಹುದೇ? (ಪೈವಳಿಕೆ)

ಉತ್ತರ: ತೆಗೆಯಲು ಆಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಕೇಸಿಗೆ ಸಂಬಂಧ ಇಲ್ಲದವರು ಕಾಪಿ ಕೇಳಿದರೆ ಯಾಕೆ ಬೇಕು ಅಂತ ಅಫಿಡವಿಟ್ ಹಾಕಬೇಕು, ಕೊಡುವುದು ಬಿಡುವುದು ಕೋರ್ಟಿಗೆ ಬಿಟ್ಟದ್ದು. ವಿಚ್ಛೇದನದ ಕೇಸಿನಲ್ಲಿ ಇದು ಇನ್ನೂ ಬಿಗಿ. ಹಿಂದೂ ವಿವಾಹ ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ವಿಚಾರಣೆ ನಡೆಯುವುದೇ ಮುಚ್ಚಿದ ಬಾಗಿಲಿನೊಳಗೆ, ಅದರ ವಿವರ ಪ್ರಕಟಿಸಿದವರಿಗೆ ದಂಡವೂ ಉಂಟು. ಸಂಬಂಧ ನೋಡಲಿಕ್ಕೆ ಅಂದರೆ ಕೋರ್ಟು ಒಪ್ಪುವ ಸಾಧ್ಯತೆ ಬಹಳ ಕಡಿಮೆ. ನಾಳೆ ನಿಮ್ಮ ಮನೆಯವರ ಫೈಲನ್ನು ಇನ್ನೊಬ್ಬರು ಹೀಗೆ ಕೇಳಿದರೆ ನಿಮಗೂ ಇಷ್ಟ ಆಗಲಿಕ್ಕಿಲ್ಲ.

ಅದಕ್ಕೆ ಅಡ್ಡದಾರಿ ಬೇಡ. ಹುಡುಗನ ಹತ್ತಿರ ನೇರವಾಗಿ ಕೇಳಿ. ಡಿಕ್ರಿಯ ಸರ್ಟಿಫೈಡ್ ಕಾಪಿ ತೋರಿಸಿ ಅನ್ನಿ. ಹೆಣ್ಣು ಕೊಡುವವರು ಇಷ್ಟು ಕೇಳುವುದು ಅವಮಾನ ಅಲ್ಲ. ಕಾಗದ ಕೈಗೆ ಬಂದರೆ ಅದರಲ್ಲಿರುವ ಕೇಸು ನಂಬರ್ ಹಾಕಿ ಇ-ಕೋರ್ಟ್ಸ್‌ನಲ್ಲಿ ತಾಳೆ ನೋಡಿ. ಆಮೇಲೆ ಮುಖ್ಯವಾದದ್ದು, ಅದು ಇಬ್ಬರೂ ಒಪ್ಪಿ ಆದದ್ದೋ, ಎಕ್ಸ್ ಪಾರ್ಟಿ ಆದದ್ದೋ ನೋಡಿ. ಒಪ್ಪಿ ಪಡೆದ ಡಿಕ್ರಿಯ ಮೇಲೆ ಅಪೀಲು ಇಲ್ಲ. ಎಕ್ಸ್ ಪಾರ್ಟಿ ಅಂದರೆ ಎದುರಿನವರು ಬಾರದೆ ಆದ ತೀರ್ಪು. ಅವರು ನನಗೆ ನೋಟಿಸೇ ಬಂದಿಲ್ಲ ಅಂತ ಬಂದು ಅದನ್ನು ರದ್ದು ಮಾಡಿಸಲು ಕೇಳಬಹುದು. ಅಂಥದ್ದಾದರೆ ಒಬ್ಬ ವಕೀಲರಿಗೆ ತೋರಿಸದೆ ಮುಂದೆ ಹೋಗಬೇಡಿ. ಮೊದಲಿನ ಮದುವೆ ಕಾನೂನಿನಲ್ಲಿ ಜೀವಂತ ಇದ್ದರೆ ಎರಡನೆಯದು ಶೂನ್ಯ. ಕಷ್ಟಕ್ಕೆ ಬೀಳುವವಳು ನಿಮ್ಮ ಮಗಳು.

ಕಾಸರಗೋಡಿನ ಪಟ್ಟಿಯಲ್ಲಿ ಕಾಣಲಿಲ್ಲ ಅಂತ ತಕ್ಷಣ ಸುಳ್ಳು ಅನ್ನಬೇಡಿ. ನಮ್ಮಲ್ಲಿ ಹುಡುಗ ಇಲ್ಲಿಯವನು, ಹುಡುಗಿ ಪುತ್ತೂರು, ಬಂಟ್ವಾಳ ಕಡೆಯವಳು ಆಗಿರುವುದು ಮಾಮೂಲು. ಮದುವೆ ಆದ ಜಾಗ, ಕೊನೆಗೆ ಒಟ್ಟಿಗಿದ್ದ ಜಾಗ, ಎದುರುದಾರರು ಇರುವ ಜಾಗ, ಅರ್ಜಿ ಹಾಕುವವಳು ಹೆಂಡತಿಯಾದರೆ ಅವಳು ಇರುವ ಜಾಗ, ಎಲ್ಲಿಯೂ ಕೇಸು ಹಾಕಬಹುದು. ಹಾಗಾಗಿ ದಕ್ಷಿಣ ಕನ್ನಡದ ಪಟ್ಟಿಯನ್ನೂ ನೋಡಿ. ಅಲ್ಲಿ ಆದ ಡಿಕ್ರಿ ಇಲ್ಲಿ ನಡೆಯುತ್ತದೆ, ಇಲ್ಲಿಯದ್ದು ಅಲ್ಲಿ. ಗಡಿ ದಾಟಿದ ಕೂಡಲೇ ಮತ್ತೆ ವಿಚ್ಛೇದನ ಮಾಡಬೇಕಾಗಿಲ್ಲ. ಕಾಗದ ಮಲಯಾಳದಲ್ಲಿದ್ದರೆ ಕರ್ನಾಟಕದ ಕಚೇರಿಗೆ ಅನುವಾದ ಮಾಡಿಸಿ ಕೊಡಿ.

ಪ್ರಶ್ನೆ: ಅಜ್ಜಿಯ ಮೊದಲ ಮದುವೆ 1950ರ ಸುಮಾರಿಗೆ ಮುರಿದದ್ದಂತೆ. ಈಗ ಜಾಗದ ತಕರಾರಿನಲ್ಲಿ ಅದರ ದಾಖಲೆ ಬೇಕಾಗಿದೆ. ಕಾಸರಗೋಡಿನಲ್ಲಿ ಕೇಳಿದರೆ ಇಲ್ಲ ಅಂದರು. (ಮುಳ್ಳೇರಿಯ)

ಉತ್ತರ: ಇಲ್ಲ ಅಂದದ್ದು ಆಶ್ಚರ್ಯ ಅಲ್ಲ. ಆಗ ಕಾಸರಗೋಡು ಇದ್ದದ್ದು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಜಿಲ್ಲಾ ಕೋರ್ಟು ಮಂಗಳೂರಿನಲ್ಲಿ. 1956ರ ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದೆವು, 1957ರಲ್ಲಿ ಕಣ್ಣೂರು ಜಿಲ್ಲೆ ಆಯಿತು, ಅದರ ಜಿಲ್ಲಾ ಕೋರ್ಟು ತಲಶ್ಶೇರಿಯಲ್ಲಿ. ಕಾಸರಗೋಡು ಬೇರೆ ಜಿಲ್ಲೆ ಆದದ್ದು 1984ರ ಮೇ 24ಕ್ಕೆ. ಹಾಗಾಗಿ ಹಳೆಯ ಫೈಲಿಗೆ ಮೊದಲು ಕೇಳಬೇಕಾದದ್ದು ವರ್ಷ. ನಿಮ್ಮ ಅಜ್ಜಿಯದ್ದು ಕೋರ್ಟಿಗೆ ಹೋಗಿದ್ದರೆ ಮಂಗಳೂರಿನ ದಾಖಲೆ ಕೊಠಡಿಯಲ್ಲಿ ವಿಚಾರಿಸಿ.

ಆದರೆ ಕೋರ್ಟಿಗೇ ಹೋಗದೆ ಇರಬಹುದು. 1955ರ ಹಿಂದೂ ವಿವಾಹ ಕಾಯ್ದೆ ಬರುವ ಮೊದಲೇ ಇಲ್ಲಿ ಬಿಡುಗಡೆಗೆ ದಾರಿಗಳಿದ್ದವು. ಮರುಮಕ್ಕತ್ತಾಯದ (ತಾಯಿಯ ಕಡೆಯಿಂದ ವಂಶ, ಆಸ್ತಿ ಎಣಿಸುವ ಪದ್ಧತಿಯ) ಮನೆಯವರು ಮದ್ರಾಸಿನ ಕಾಯ್ದೆಯಂತೆ ನೋಂದಾಯಿತ ಪತ್ರ ಬರೆದೇ ಮದುವೆ ಮುರಿಯಬಹುದಿತ್ತು. ಅಂಥ ಪತ್ರ ಇರುವುದು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಕೋರ್ಟಿನಲ್ಲಿ ಎಷ್ಟು ಹುಡುಕಿದರೂ ಸಿಗದು. ಜಾಗಕ್ಕೆ ಸೇರದ ಪತ್ರಗಳನ್ನು 4ನೇ ಪುಸ್ತಕದಲ್ಲಿ ಬರೆಯುತ್ತಾರೆ. ಅದರ ನಕಲು ಎಲ್ಲರಿಗೂ ಕೊಡುವುದಿಲ್ಲ, ಬರೆದುಕೊಟ್ಟವರಿಗೋ ಅವರ ವಾರಸುದಾರರಿಗೋ ಮಾತ್ರ. ನೀವು ಮೊಮ್ಮಗ ಅಂತ ತೋರಿಸುವ ಕಾಗದ ಹಿಡಿದುಕೊಂಡು ಹೋಗಿ. ಆಗ ನಿಮ್ಮ ಗ್ರಾಮ ಯಾವ ಕಚೇರಿಗೆ ಸೇರಿತ್ತು ಅಂತ ಮನೆಯಲ್ಲಿರುವ ಜಾಗದ ಹಳೆಯ ದಸ್ತಾವೇಜಿನ ಮೊಹರಿನಲ್ಲೇ ಗೊತ್ತಾಗುತ್ತದೆ.

ಜಾತಿ ಪದ್ಧತಿಯಂತೆ ಹಿರಿಯರ ಮುಂದೆ ಬಿಟ್ಟದ್ದಾದರೆ ಕಾಗದವೇ ಇರಲಿಕ್ಕಿಲ್ಲ. ಅದನ್ನೂ ಕಾನೂನು ಒಪ್ಪುತ್ತದೆ, ಆದರೆ ಪದ್ಧತಿ ಇತ್ತು ಅಂತ ಸಾಕ್ಷಿ ಹಾಕಿ ರುಜುವಾತು ಮಾಡಬೇಕು. ಆ ಕಾಲ ಕಂಡ ಹಿರಿಯರು ಯಾರಾದರೂ ಇದ್ದರೆ ಅವರ ಹೇಳಿಕೆಯನ್ನು ಈಗಲೇ ದಾಖಲು ಮಾಡಿಸುವ ಬಗ್ಗೆ ವಕೀಲರ ಹತ್ತಿರ ಮಾತಾಡಿ.

ಪ್ರಶ್ನೆ: ನಮ್ಮಲ್ಲಿ ತಲಾಖ್ ಜಮಾಅತಿನಲ್ಲಿ ಆದದ್ದು. ಕೋರ್ಟಿನ ಕಾಗದ ಎಲ್ಲಿಂದ ತರುವುದು? (ಉಪ್ಪಳ)

ಉತ್ತರ: ಇಲ್ಲದ್ದನ್ನು ತರುವುದು ಹೇಗೆ? ಜಮಾಅತಿನ ಪತ್ರ ಇಟ್ಟುಕೊಳ್ಳಿ. ಮದುವೆ ನೋಂದಣಿಯ ಪುಸ್ತಕದಲ್ಲಿ ತಲಾಖ್ ಬರೆಸಲು ಕೋರ್ಟಿನ ಆದೇಶ ಬೇಕಿಲ್ಲ ಅಂತ ಕೇರಳ ಹೈಕೋರ್ಟು 2024ರ ಜನವರಿಯಲ್ಲಿ ಹೇಳಿದೆ. ಕೋರ್ಟಿನದ್ದೇ ಬೇಕೆಂದರೆ ಮದುವೆ ಮುಗಿದಿದೆ ಅಂತ ಫ್ಯಾಮಿಲಿ ಕೋರ್ಟಿನಲ್ಲಿ ಘೋಷಣೆ ಕೇಳಬಹುದು. ಕ್ರೈಸ್ತರಿಗೆ ಮಾತ್ರ ಚರ್ಚ್ ಕೊಟ್ಟ ರದ್ದತಿ ಸಾಲದು, ಕಾನೂನಿನ ಕೆಲಸಕ್ಕೆ ಕೋರ್ಟಿನ ಡಿಕ್ರಿಯೇ ಬೇಕು.

ಪ್ರಶ್ನೆ: ನಾನು ಗಲ್ಫಿನಲ್ಲಿದ್ದೇನೆ. ಇಲ್ಲಿಯ ಕೆಲಸಕ್ಕೆ ನನ್ನ ಡಿಕ್ರಿ ಬೇಕು. ಊರಿಗೆ ಬರಲೇಬೇಕೇ? (ಮಂಜೇಶ್ವರದವರು)

ಉತ್ತರ: ಬೇಡ. ಹಳೆಯ ವಕೀಲರಿದ್ದರೆ ಅವರೇ ಕಾಪಿ ತೆಗೆಸಬಹುದು. ಇಲ್ಲದಿದ್ದರೆ ಭಾರತದ ರಾಯಭಾರ ಕಚೇರಿಯಲ್ಲಿ ತಮ್ಮನಿಗೋ ಅಮ್ಮನಿಗೋ ಪವರ್ ಆಫ್ ಅಟಾರ್ನಿ ಮಾಡಿ ಕಳಿಸಿ. ಅದು ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಸ್ಟಾಂಪ್ ಶುಲ್ಕ ಕಟ್ಟಿಸಬೇಕು, ಇದನ್ನು ಮರೆಯುವವರೇ ಜಾಸ್ತಿ. ಕಾಪಿ ಸಿಕ್ಕಿದ ಮೇಲೆ ಅಟೆಸ್ಟೇಶನ್, ಅಂದರೆ ಕಾಗದ ಅಸಲಿ ಅಂತ ಸರ್ಕಾರದ ದೃಢೀಕರಣ. ಸೌದಿ, ಬಹ್ರೇನ್, ಒಮಾನ್ ಆದರೆ ಅಪೋಸ್ಟಿಲ್ (ಒಪ್ಪಂದದ ದೇಶಗಳೆಲ್ಲ ಒಪ್ಪುವ ದೃಢೀಕರಣದ ಮೊಹರು) ನಡೆಯುತ್ತದೆ. ಬೇರೆ ಕಡೆಯಾದರೆ ಏನು ಬೇಕು ಅಂತ ಕಾಗದ ಕೇಳಿದ ಕಚೇರಿಯಲ್ಲೇ ಮೊದಲು ಕೇಳಿಕೊಳ್ಳಿ.

ಪ್ರಶ್ನೆ: ಗೂಗಲ್‌ನಲ್ಲಿ ನನ್ನ ಹೆಸರು ಹಾಕಿದರೆ ಹೈಕೋರ್ಟಿನ ವಿಚ್ಛೇದನದ ಕೇಸೇ ಮೊದಲು ಬರುತ್ತದೆ. ಇದಕ್ಕೇನು ಮದ್ದು? (ಕುಂಬಳೆ)

ಉತ್ತರ: ಮದ್ದು ಉಂಟು. ಕೌಟುಂಬಿಕ ಕೇಸುಗಳಲ್ಲಿ ಕಕ್ಷಿದಾರರು ಬೇಡವೆಂದರೆ ಅವರ ಗುರುತು ತಿಳಿಯುವ ವಿವರವನ್ನು ಕೋರ್ಟಿನ ವೆಬ್‌ಸೈಟಿನಲ್ಲಿ ಹಾಕಬಾರದು ಅಂತ ಕೇರಳ ಹೈಕೋರ್ಟು 2022ರ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಅದನ್ನು ತೋರಿಸಿ ಹೈಕೋರ್ಟಿನ ರಿಜಿಸ್ಟ್ರಿಗೆ (ಕಚೇರಿಗೆ) ಅರ್ಜಿ ಹಾಕಿ. ಕೇಸು ಇನ್ನೂ ನಡೆಯುತ್ತಿರುವವರು ಈಗಲೇ ಕೇಳಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಸುಮ್ನೆ ಒಂದು ಆರ್‌ಟಿಐ ಹಾಕಿದರೆ ಆಗುವುದಿಲ್ಲವೇ? (ಮೀಂಜ)

ಉತ್ತರ: ಆಗುವುದಿಲ್ಲ. ಕೋರ್ಟಿನ ಫೈಲಿನ ನಕಲು ಕೋರ್ಟಿನ ನಿಯಮದಂತೆಯೇ ಕೇಳಬೇಕು, ಆರ್‌ಟಿಐಯಲ್ಲಿ ಅಲ್ಲ ಅಂತ ಸುಪ್ರೀಂ ಕೋರ್ಟು 2020ರಲ್ಲೇ ಹೇಳಿಯಾಗಿದೆ. ಅದರ ಬದಲು ಆ ದುಡ್ಡಿಗೆ ಕೋರ್ಟ್ ಫೀ ಸ್ಟಾಂಪ್ ತೆಗೆದುಕೊಂಡು ಕಾಪಿ ಅರ್ಜಿ ಹಾಕಿ.